ಗದಗ ಕೇಂದ್ರದ ಕೊಸರು

ಪ್ರಜಾ ಮೌಲ್ಯಮಾಪನ ನಮೂನೆ. ಪ್ರಶ್ನೆ ಒಂದು: ಮಹಾಧ್ಯಕ್ಷರ ಮೊದಲ ನೂರು ದಿನಗಳ ಆಡಳಿತ ನಿಮಗೆ ಹೇಗೆ ಅನಿಸಿತು? ಮೂರು ಸಾಲು ಮೀರದಂತೆ ಬರೆಯಿರಿ.

ಮೂರು ಸಾಲಂತೆ! ಮೂರು ಸಾಲಿನಲ್ಲಿ ಹೊಗಳಬಹುದು, ಬೈಯುವುದಕ್ಕೆ ಸಾಲುವುದಿಲ್ಲ. ಇದು ಆ ನಮೂನೆ ಅಚ್ಚು ಹಾಕಿಸಿದವರಿಗೂ ಗೊತ್ತು. ಕೊಡಬೇಕಾದ ಕೊನೆಯ ದಿನ ಮುಗಿದು ಒಂಬತ್ತು ದಿನ ಆಯಿತು. ಈಗ ಬರೆದದ್ದನ್ನು ಯಾರೂ ಓದುವುದಿಲ್ಲ. ಓದದಿದ್ದರೆ ಪೀಡೆ ಹೋಯಿತು, ಎದೆಯೊಳಗಿನದು ಹೊರಗೆ ಬಂದರೆ ನನಗೆ ಸಾಕು. ಹಿಂದಿನ ಖಾಲಿ ಪುಟದಲ್ಲಿ ಶುರು ಮಾಡಿದ್ದೇನೆ, ಜಾಗ ಸಾಲದಿದ್ದರೆ ಬೇರೆ ಹಾಳೆ ಹಚ್ಚುತ್ತೇನೆ.

ನನ್ನ ಹೆಸರು ಅನಸೂಯಾ ಕಡೇಮನಿ. ವಯಸ್ಸು ನಲವತ್ತಾರು, ಊರು ಗದಗ, ಕೆಲಸ ವೇದನಾ ಕೇಂದ್ರದಲ್ಲಿ ಯಂತ್ರ ನಡೆಸುವುದು. ಆ ನೂರು ದಿನವೂ ನಾನು ಆ ಯಂತ್ರದ ಮುಂದೆಯೇ ಕೂತಿದ್ದೆ. ಹಾಗಾಗಿ ಮಹಾಧ್ಯಕ್ಷ ಪ್ರದ್ಯೋತನ ಆಡಳಿತದ ಬಗ್ಗೆ ಮಾತಾಡುವ ಹಕ್ಕು ಟೀವಿಯಲ್ಲಿ ಕೂತು ಕೈ ಬೀಸುವವರಿಗಿಂತ ನನಗೆ ಒಂದು ಗುಂಜಿಯಾದರೂ ಹೆಚ್ಚಿದೆ.

"ನಿಮ್ಮ ನೋವು ನನ್ನ ನೋವು" ಎಂದು ಹೇಳದೆ ಓಟು ಕೇಳಿದ ನಾಯಕ ಈ ದೇಶದಲ್ಲಿ ಹುಟ್ಟಿಲ್ಲ. ಪ್ರದ್ಯೋತ ಮಾತ್ರ ಆ ಮಾತನ್ನು ಯಂತ್ರ ಮುಂದಿಟ್ಟುಕೊಂಡು ಹೇಳಿದ. ಗೆದ್ದರೆ ದಿನವೂ ಬೆಳಿಗ್ಗೆ ಏಳರಿಂದ ಎಂಟರವರೆಗೆ, ಇಡೀ ದೇಶ ನೋಡುತ್ತಿರುವಾಗ, ಪ್ರಜೆಗಳ ನೋವನ್ನು ತನ್ನ ಮೈಯಲ್ಲಿ ಅನುಭವಿಸುತ್ತೇನೆ ಎಂದ. ಜನ ಹುಚ್ಚೆದ್ದು ಓಟು ಹಾಕಿದರು. ನಾನೂ ಹಾಕಿದೆ, ಸುಳ್ಳೇಕೆ ಹೇಳಲಿ.

ಯಂತ್ರ ಸುಳ್ಳಲ್ಲ. ನೋವಿರುವವರ ತೋಳಿಗೆ ಒಂದು ಪಟ್ಟಿ, ತಲೆಗೆ ಒಂದು ಜಾಲರಿ. ನರಗಳಲ್ಲಿ ಮಿದುಳಿಗೆ ಓಡುವ ನೋವಿನ ಸಂಕೇತವನ್ನು ಅದು ಹಿಡಿಯುತ್ತದೆ, ಸೊನ್ನೆಯಿಂದ ನೂರರವರೆಗೆ ಅಳೆಯುತ್ತದೆ, ಬೆಳಕಿನ ತಂತಿಯಲ್ಲಿ ರಾಜಧಾನಿಗೆ ಕಳಿಸುತ್ತದೆ. ಅಲ್ಲಿ ಮಹಾಧ್ಯಕ್ಷನ ಕೊರಳಲ್ಲಿ ಇನ್ನೊಂದು ಪಟ್ಟಿ. ಅದು ಅದೇ ನೋವನ್ನು ಬೆನ್ನುಹುರಿಗೆ ದಾಟಿಸುತ್ತದೆ. ಚರ್ಮ ಸುಡುವುದಿಲ್ಲ, ಮೂಳೆ ಮುರಿಯುವುದಿಲ್ಲ, ಆದರೆ ಅದು ಪರರ ನೋವು ಎಂದು ಹೃದಯಕ್ಕೆ ತಿಳಿಯುವುದಿಲ್ಲ. ಸ್ವಂತದ್ದು ಎಂದೇ ತಿಳಿದು ಬಡಿದುಕೊಳ್ಳುತ್ತದೆ. ಯಂತ್ರ ಮಾಡಿದ ಎಂಜಿನಿಯರುಗಳು ಪ್ರಾಮಾಣಿಕರು. ಮೋಸ ಆಗದಿರಲಿ ಎಂದು ಎರಡು ಕಟ್ಟು ಹಾಕಿದ್ದರು. ಕೊರಳಪಟ್ಟಿ ಜೀವವಿರುವ ಬೆನ್ನಿಗೆ ತಾಗದಿದ್ದರೆ ತಂತಿ ತಾನಾಗಿ ಕಡಿದುಹೋಗಬೇಕು. ತಂತಿಯಲ್ಲಿ ಹರಿಯುವ ಅಂಕ ನೇರವಾಗಿ ಟೀವಿ ಪರದೆಯ ಮೂಲೆಯಲ್ಲಿ ಕಾಣಬೇಕು, ನಡುವೆ ಯಾರೂ ಕೈ ಹಾಕಬಾರದು.

ದೇಶಕ್ಕೆಲ್ಲ ಆರು ಕೇಂದ್ರ, ಒಂದೊಂದಕ್ಕೂ ದಿನಕ್ಕೆ ಹತ್ತು ನಿಮಿಷ. ನಮ್ಮ ಕೇಂದ್ರ ಹಳೆಯ ಹತ್ತಿ ಗಿರಣಿಯ ಕಟ್ಟಡದಲ್ಲಿತ್ತು. ಯಂತ್ರದ ಮುಂದೆ ನಾನು ಮತ್ತು ಇಮಾಮಸಾಬ ನದಾಫ, ಇಬ್ಬರೇ. ಇಮಾಮಸಾಬರು ನನಗಿಂತ ಹನ್ನೆರಡು ವರ್ಷ ದೊಡ್ಡವರು, ಯಂತ್ರವನ್ನು ಮಗುವಿನ ಹಾಗೆ ಒರೆಸಿಡುವವರು.

ಮೊದಲ ವಾರ ನಾನೂ ಕಣ್ಣೀರು ಹಾಕಿದೆ. ಬೆಟಗೇರಿಯ ನೇಕಾರ ಬಂದು ಕೂತ, ಇಪ್ಪತ್ತು ವರ್ಷದ ಬೆನ್ನುನೋವು, ಅರವತ್ತಾರು ಅಂಕ. ಪರದೆಯಲ್ಲಿ ಪ್ರದ್ಯೋತ ಕುರ್ಚಿಯ ತೋಳು ಹಿಡಿದು ನರಳಿದ. ನೇಕಾರ ಅದನ್ನು ನೋಡಿ ಕೈಮುಗಿದ. ಅವನಿಗೆ ಚಿನ್ನದ ಅಂಚಿನ ಒಂದು ಪತ್ರ ಕೊಟ್ಟೆವು: "ತಮ್ಮ ನೋವನ್ನು ಮಹಾಧ್ಯಕ್ಷರು ಅನುಭವಿಸಿರುತ್ತಾರೆ." ಅದನ್ನು ಹಿಡಿದುಕೊಂಡು ಅದೇ ಬೆನ್ನಿನಲ್ಲಿ ಅವನು ಮನೆಗೆ ಹೋದ.

ಹತ್ತೊಂಬತ್ತನೆಯ ದಿನ ಆದೇಶ ಬಂತು. ಜನರ ನೋವನ್ನು ಸ್ವತಃ ಮಹಾಧ್ಯಕ್ಷರೇ ಹಂಚಿಕೊಳ್ಳುತ್ತಿರುವುದರಿಂದ ಸರ್ಕಾರಿ ಆಸ್ಪತ್ರೆಗಳ ನೋವು ಶಮನ ವಾರ್ಡುಗಳ ಅಗತ್ಯ ಇಲ್ಲವಂತೆ. ಬಾಗಿಲು ಹಾಕಿದರು. ಪುಕ್ಕಟೆ ಸಿಗುತ್ತಿದ್ದ ಗುಳಿಗೆಗಳೂ ನಿಂತವು. ಥೂ, ಇದಕ್ಕಿಂತ ನಾಚಿಕೆಗೇಡಿನ ಆದೇಶವನ್ನು ನಾನು ಓದಿಲ್ಲ! ಆದರೆ ಬೀದಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ದಿನಾ ಬೆಳಿಗ್ಗೆ ನಮಗಾಗಿ ಅಳುವವನನ್ನು ಬೈಯುವುದು ಹೇಗೆ?

ಜನ ಹೊಂದಿಕೊಂಡರು. ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು. ನಮ್ಮ ಕುರ್ಚಿಯಲ್ಲಿ ಕೂರಬೇಕಾದರೆ ಐವತ್ತು ಅಂಕದ ಮೇಲೆ ನೋವಿರಬೇಕಿತ್ತು. ಪಕ್ಕದ ಮನೆಯ ಹೊನ್ನವ್ವನಿಗೆ ಸೊಂಟದ ನೋವು, ಮೊದಲ ಸಲ ಅಳೆದಾಗ ನಲವತ್ತೆಂಟು ಬಂತು. ಅವಳು ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಗುಳಿಗೆಗಳನ್ನು ಮೂರು ದಿನ ಮುಟ್ಟದೆ, ನೋವು ಚೆನ್ನಾಗಿ ಬಲಿಯಲಿ ಎಂದು ಕಾದು, ಗೋಡೆ ಹಿಡಿದುಕೊಂಡು ಮತ್ತೆ ಬಂದಳು. ಐವತ್ತೊಂಬತ್ತು. ಹೆಣ್ಣುಮಗಳ ಮುಖದಲ್ಲಿ ಆ ಖುಷಿ ನೋಡಬೇಕಿತ್ತು!

"ನನ್ನ ಸೊಂಟಕ್ಕ ಅವರು ಅತ್ತರಲ್ಲವಾ ಅನಸೂಯಾ," ಎಂದಳು ಎದ್ದು ಹೋಗುವಾಗ. "ನಮ್ಮನಿಯವರು ಬದುಕಿದ್ದಾಗ ಒಂದ ಸಲಾನೂ ಅತ್ತಿರಲಿಲ್ಲ."

ಪತ್ರವನ್ನು ದೇವರ ಜಗಲಿಯ ಮೇಲೆ ಇಟ್ಟಳು. ನಾನು ಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಈಗ ನಾನು ಮಾಡಿದ್ದು ಹೇಳುತ್ತೇನೆ. ತಂತಿ ಉದ್ದವಾದ್ದರಿಂದ ದಾರಿಯಲ್ಲಿ ಸಂಕೇತ ಸ್ವಲ್ಪ ಸೋರುತ್ತದೆ. ಅದನ್ನು ಸರಿದೂಗಿಸಲು ನಮ್ಮ ಕೈಯಲ್ಲಿ ಒಂದು ಗುಂಡಿ ಇತ್ತು, ಹನ್ನೆರಡು ಅಂಕದವರೆಗೆ ಏರಿಸಬಹುದಿತ್ತು. ನಿಜವಾಗಿ ಸೋರುತ್ತಿದ್ದದ್ದು ಅರ್ಧ ಅಂಕವೂ ಅಲ್ಲ. ನಮ್ಮವ್ವ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದಳು. ತಕ್ಕಡಿ ಸಮ ನಿಂತ ಮೇಲೆ ಒಂದು ಹಿಡಿ ಮೇಲೆ ಹಾಕಿಯೇ ಕೊಡುವಳು, ಗಿರಾಕಿ ಕೇಳುವ ಮೊದಲೇ. ಕೊಸರು ಇಲ್ಲದ ವ್ಯಾಪಾರ ನಮ್ಮ ಕಡೆ ವ್ಯಾಪಾರವೇ ಅಲ್ಲ. ವಾರ್ಡು ಮುಚ್ಚಿದ ಮರುದಿನ ನಾನು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಇಮಾಮಸಾಬರು ನೋಡಿದರು.

"ಅಳತಿ ಕೊಟ್ಟ ಮ್ಯಾಲೆ ಕೊಸರು ಕೊಡಬೇಕಲ್ರೀ ಸಾಹೇಬರ," ಎಂದೆ.

ಅವರು ಗಡ್ಡ ಕೆರೆದುಕೊಂಡು ನಕ್ಕರು. "ಕೊಡವಾ ಕೊಡು. ದೊಡ್ಡ ಗಿರಾಕಿ."

ಅಂದಿನಿಂದ ದಿನಾ ಹನ್ನೆರಡು. ಹೊನ್ನವ್ವನ ಐವತ್ತೊಂಬತ್ತು ರಾಜಧಾನಿಗೆ ಎಪ್ಪತ್ತೊಂದಾಗಿ ಹೋಯಿತು. ಪರದೆಯಲ್ಲಿ ಅವನು ಹಲ್ಲು ಕಚ್ಚಿ ಹೊರಳಾಡುವುದನ್ನು ನೋಡಿದಾಗ ನನಗೆ ಹಾಲು ಕುಡಿದಷ್ಟು ಸಮಾಧಾನ ಆಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಇಡೀ ದಿನಕ್ಕೆ ನನಗಿದ್ದ ಒಂದೇ ಸಂತೋಷ ಅದು.

ಎಪ್ಪತ್ನಾಲ್ಕನೆಯ ದಿನ ಪ್ರದ್ಯೋತ ವಿದೇಶ ಪ್ರವಾಸ ಹೊರಟ. ನಾಲ್ಕು ದಿನ ಪ್ರಸಾರ ಇಲ್ಲ. ಅದೇ ದಿನ ನನ್ನ ತಮ್ಮ ವಿರೂಪಾಕ್ಷ ಮನೆಗೆ ಬಂದ.

ವಿರೂಪಾಕ್ಷ ಪೈಲವಾನ. ಗರಡಿಯಲ್ಲಿ ಬೆಳೆದ ಮೈ, ಮೂಳೆ ಮುರಿದರೂ 'ಅಬ್ಬಾ' ಅನ್ನದ ಜಾತಿ. ಮೂರು ತಿಂಗಳ ಹಿಂದೆ ರಾಜಧಾನಿಯಿಂದ ಯಾರೋ ಬಂದು ಗರಡಿಯಲ್ಲಿ ಪರೀಕ್ಷೆ ನಡೆಸಿ, ಭದ್ರತಾ ಕೆಲಸ ಎಂದು ಕರೆದುಕೊಂಡು ಹೋಗಿದ್ದರು. ಅವನ ಹೆಂಡತಿ ಕಸ್ತೂರಿ ನಮ್ಮ ಮನೆಯಲ್ಲೇ ಇದ್ದಳು. ಬಾಗಿಲಲ್ಲಿ ನಿಂತವನನ್ನು ನೋಡಿ ಅವಳು ಗುರುತು ಸಿಗದವಳಂತೆ ಒಂದು ಕ್ಷಣ ನಿಂತಳು. ಕೆನ್ನೆ ಒಳಗೆ ಹೋಗಿದ್ದವು.

"ಅಲ್ಲಿ ಹೊಟ್ಟಿಗೆ ಹಾಕೂದಿಲ್ಲೇನ ನಿಮಗ?" ಎಂದು ಕಸ್ತೂರಿ ಅತ್ತಳು.

"ಹಾಕ್ತಾರ, ಛಲೋನ ಹಾಕ್ತಾರ. ಹವಾ ಹಿಡಿಸಿಲ್ಲ ಅಷ್ಟ," ಎಂದ.

ಸಂಜೆ ಹೊನ್ನವ್ವ ಅವನನ್ನು ಮಾತಾಡಿಸಲು ಬಂದಳು. ಕೆಳಗೆ ಚಾಪೆಯ ಮೇಲೆ ಕೂರಲು ಹೊರಟವಳನ್ನು ಇವನು ಓಡಿಹೋಗಿ ತೋಳು ಹಿಡಿದು ತಡೆದ.

"ಕೆಳಗ ಕೂಡಬ್ಯಾಡ್ರಿ. ಬಲಗಾಲ ಮಡಚಿದ್ರ ಸೊಂಟದಿಂದ ಹಿಮ್ಮಡದ ತನಕಾ ಹರದಂಗ ಆಗ್ತದ ನಿಮಗ. ಕುರ್ಚಿ ತರ್ತೀನಿ ತಡೀರಿ."

ಹೊನ್ನವ್ವ ಅವನಿಗೆ ಆಶೀರ್ವಾದ ಮಾಡಿ ಕುರ್ಚಿಯಲ್ಲಿ ಕೂತಳು. ಯಾರ ನೋವು, ಮೈಯಲ್ಲಿ ಎಲ್ಲಿ ಎಂಬುದನ್ನು ಟೀವಿಯಲ್ಲಿ ತೋರಿಸುವುದಿಲ್ಲ, ಕೇಂದ್ರದ ಹೆಸರು ಮತ್ತು ಅಂಕ ಮಾತ್ರ. ಹಿಮ್ಮಡದ ಸಂಗತಿಯನ್ನು ಹೊನ್ನವ್ವ ಯಾರಿಗೂ ಹೇಳಿದವಳಲ್ಲ, ನಮ್ಮ ಯಂತ್ರದ ನಕ್ಷೆಯಲ್ಲಿ ಕಂಡದ್ದು ಅದು. ಅವಳು ಹೋದ ಮೇಲೆ ತಮ್ಮನನ್ನು ಹಿತ್ತಲಿಗೆ ಕರೆದೆ.

"ವಿರುಪಾ, ಹೊನ್ನವ್ವನ ಹಿಮ್ಮಡದ ಸುದ್ದಿ ನಿನಗ ಯಾರು ಹೇಳಿದ್ರು?"

"ನೀನ ಹೇಳಿರಬೇಕಲ್ಲಕ್ಕಾ."

"ನಾ ಹೇಳಿಲ್ಲ. ನನ್ನ ಮಾರಿ ನೋಡಿ ಮಾತಾಡು."

ಅವನು ನೋಡಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತ. "ಬಾಯಿ ಬಿಟ್ರ ಜೇಲಿಗೆ ಹಾಕ್ತೀವಂತ ಸಹಿ ಮಾಡಿಸ್ಕೊಂಡಾರ," ಎಂದ. ಆಮೇಲೆ ಅಂಗಿಯ ಕಾಲರು ಬಿಚ್ಚಿದ. ಕೊರಳ ಸುತ್ತ ಎರಡು ಬೆರಳಗಲ ಕಪ್ಪು ಗೆರೆ.

"ಟೀವಿಯಾಗ ಅವರ ಕೊಳ್ಳಾಗ ಇರೂದು ಬರೇ ಪಟ್ಟಿ, ಅಕ್ಕಾ. ಖರೇದು ನನ್ನ ಕೊಳ್ಳಾಗ ಇರ್ತದ. ಹಿಂದಿನ ಕೋಣ್ಯಾಗ ನಾ ಕೂತಿರ್ತೀನಿ, ಯಾರ ನೋವು ಅಂತ ಹೆಸರಿನ ಚೀಟಿ ಮುಂದ ಇಟ್ಟಿರ್ತಾರ. ಮೊದಲ ಹತ್ತು ದಿನ ನನ್ನ ಮಾರಿ ನೋಡಿ ಅಳೂದು ಕಲತರು. ಆಮ್ಯಾಲ ನೋಡೂದ ಬಿಟ್ಟರು."

ಐವತ್ತಕ್ಕೂ ಹೆಚ್ಚು ಬೆಳಿಗ್ಗೆ, ನಗುನಗುತ್ತಾ, ನಾನು ಯಾರಿಗೆ ಕೊಸರು ಹಾಕಿದ್ದೆ? ಆಗಲೇ ಹೇಳಬೇಕಿತ್ತು. ಬದಲಿಗೆ ಬೈದೆ, "ಬಿಟ್ಟು ಬಾ, ಹಾಳಾಗಿ ಹೋಗ್ಲಿ ಆ ಕೆಲಸ!" ಎಂದು ಕೂಗಿದೆ.

"ನಾ ಬಿಟ್ರ ಇನ್ನೊಬ್ಬನ್ನ ಹಿಡಕೊಂಡು ಬರ್ತಾರ, ನಮ್ಮ ಗರಡಿಯವನ್ನ," ಎಂದ. "ನೂರು ದಿನದ ಕರಾರು ಅದ. ಇನ್ನ ಇಪ್ಪತ್ತಾರು ದಿನ. ಆದ್ರ ಅಲ್ಲಿ ಡಾಕ್ಟರು ಒಂದು ಹೇಳ್ಯಾರ. ಎಂಬತ್ತರ ಮ್ಯಾಲೆ ಅಂಕ ಕಾಲು ತಾಸು ಒಂದ ಸಮ ಬಂದ್ರ ಎದಿ ಬಡತ ತಪ್ತದಂತ. ಹತ್ತು ನಿಮಿಷಕ್ಕ ಮುಗೀತದಲ್ಲ, ಏನೂ ಆಗೂದಿಲ್ಲ ಬಿಡು."

ನಾಲ್ಕನೆಯ ದಿನ ಕಾರು ಬಂದು ಅವನನ್ನು ಕರೆದೊಯ್ದಿತು. ಫೋನು ಅಲ್ಲಿ ಕಿತ್ತುಕೊಳ್ಳುತ್ತಾರೆ, ಆದ್ದರಿಂದ ಮಾತೂ ಇಲ್ಲ, ಕತೆಯೂ ಇಲ್ಲ. ಅಂದಿನಿಂದ ನಾನು ಗುಂಡಿ ಮುಟ್ಟಲಿಲ್ಲ. ಇಮಾಮಸಾಬರಿಗೆ ಕಾರಣವನ್ನೂ ಹೇಳಲಿಲ್ಲ.

ಎಂಬತ್ತೊಂಬತ್ತನೆಯ ದಿನ ಕೇಂದ್ರಕ್ಕೆ ಒಂದು ಪೆಟ್ಟಿಗೆ ಬಂತು. ಒಳಗೆ ಹಿತ್ತಾಳೆಯ ಫಲಕ: ದೇಶದ ಅತ್ಯುತ್ತಮ ವೇದನಾ ಕೇಂದ್ರ, ಗದಗ. ಆರು ಕೇಂದ್ರಗಳಲ್ಲಿ ನಮ್ಮ ಸರಾಸರಿ ಅಂಕವೇ ಎಲ್ಲಕ್ಕಿಂತ ಹೆಚ್ಚಂತೆ. ಹೆಚ್ಚಿರದೆ ಏನು, ನನ್ನ ಸಿಟ್ಟೂ ಅದರಲ್ಲಿ ಸೇರಿತ್ತಲ್ಲ. ಫಲಕದ ಕೆಳಗೆ ಸುತ್ತೋಲೆ. ನೂರನೆಯ ದಿನ ವಿಶೇಷ ಪ್ರಸಾರ. ಆರೂ ಕೇಂದ್ರಗಳ ನೋವು ಒಟ್ಟಿಗೆ, ಒಂದೇ ಸಮನೆ, ಒಂದು ಗಂಟೆ ಪೂರ್ತಿ, ತೊಂಬತ್ತು ಅಂಕಕ್ಕಿಂತ ಕೆಳಗೆ ಇಳಿಯದಂತೆ. ಉಳಿದ ಐದು ಕೇಂದ್ರಗಳ ತಂತಿ ಗದಗಕ್ಕೆ ಬರುತ್ತದೆ. ಎಲ್ಲವನ್ನೂ ಕೂಡಿಸಿ ಕಳಿಸುವ ಗೌರವ ಅತ್ಯುತ್ತಮ ಕೇಂದ್ರದ್ದು. ಅದು ಮುಗಿದ ಮೇಲೆ ದೇಶದ ಜನ ಮೌಲ್ಯಮಾಪನ ನಮೂನೆ ತುಂಬಬೇಕು.

ಕಾಲು ತಾಸಿಗೆ ತಪ್ಪುವ ಎದೆಬಡಿತಕ್ಕೆ ಒಂದು ಗಂಟೆ! ಆ ಅಳುಮುಖದ ಗೃಹಸ್ಥನಿಗೆ ಅಂಕ ಬೇಕು, ಅದಕ್ಕೆ ನನ್ನ ತಮ್ಮ ಸಾಯಬೇಕು, ಕಳಿಸುವವಳು ನಾನೇ ಆಗಬೇಕು. ಇಮಾಮಸಾಬರು ಫಲಕವನ್ನು ಒರೆಸುತ್ತಿದ್ದರು. ನಾನು ಬಾಗಿಲು ಹಾಕಿ ಬಂದು ಎಲ್ಲ ಹೇಳಿದೆ, ಹೊನ್ನವ್ವನ ಹಿಮ್ಮಡದಿಂದ ಹಿಡಿದು.

ಅವರು ಫಲಕ ಕೆಳಗಿಟ್ಟರು. "ಯಾ ಅಲ್ಲಾ," ಎಂದು ಕುರ್ಚಿಯಲ್ಲಿ ಕೂತರು. "ಆ ಹುಡುಗ ನನ್ನ ಕಣ್ಣ ಮುಂದ ಮಣ್ಣಾಗ ಹೊಳ್ಳಾಡಿ ಬೆಳದಾವ. ನಾನೂ ನಕ್ಕಿನಲ್ಲವಾ ಅವತ್ತು."

"ನಗು ಆಮ್ಯಾಲ ನೋಡೂಣು. ಈಗ ಏನ ಮಾಡೂದು ಹೇಳ್ರಿ."

"ರಜಾ ಹಾಕಿದ್ರ ಬ್ಯಾರೆಯವರನ್ನ ಕೂಡಸ್ತಾರ. ತಂತಿ ಕಡದ್ರ ಕೆಟ್ಟದಂತ ತಿಳದು ಇನ್ನೊಂದು ಕೇಂದ್ರದಿಂದ ಕಳಸ್ತಾರ." ಅವರು ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಕಣ್ಣು ಮೂಲೆಯ ಮೇಜಿನ ಮೇಲೆ ನಿಂತಿತು.

ಮೂಲೆಯಲ್ಲಿ ಮರದ ಕೈ ಇತ್ತು. ದಿನಾ ಬೆಳಿಗ್ಗೆ ಏಳಕ್ಕೆ ಮೊದಲು ನಾವು ತೋಳಪಟ್ಟಿಯನ್ನು ಆ ಮರದ ಕೈಗೆ ಕಟ್ಟಿ, ತಂತಿ ಸರಿಯಾಗಿದೆಯೇ ಎಂದು ನೋಡುತ್ತಿದ್ದೆವು. ಮರಕ್ಕೆ ಎಲ್ಲಿಯ ನೋವು? ಸೊನ್ನೆ ಹೋಗುತ್ತದೆ. ತಂತಿ ಜೀವಂತ, ಹಸಿರು ದೀಪ ಉರಿಯುತ್ತದೆ, ಅಂಕ ಮಾತ್ರ ಸೊನ್ನೆ.

"ಒಂದು ತಾಸು ಕಟ್ಟಿದ್ರ?" ಎಂದೆ.

"ಪರದೆ ಮ್ಯಾಲ ಸೊನ್ನೆ ಕಾಣತದ. ಇಡೀ ದೇಶ ನೋಡತದ. ಕೊಟ್ಟಾವರು ಯಾರಂತ ಆ ಕ್ಷಣಕ್ಕ ಗೊತ್ತಾಗತದ." ಅವರು ನನ್ನನ್ನೇ ನೋಡಿದರು. "ನೌಕರಿ ಹೋಗತದ, ಅನಸೂಯಾ. ಬ್ಯಾರೇನೂ ಹೋಗಬಹುದು."

"ನನ್ನ ಹೆಸರ ಹೇಳ್ರಿ. ನೀವು ಹೊರಗಿದ್ರಿ ಅಂತ ಹೇಳ್ರಿ."

"ಹುಚ್ಚಿ," ಎಂದರು. "ಪಟ್ಟಿ ಬಿಗಿಯಾಗಿ ಕಟ್ಟಾಕ ನಿನಗೆಲ್ಲಿ ಬರತದ? ದಿನಾ ಕಟ್ಟಾಂವ ನಾನಲ್ಲ?"

ನೂರನೆಯ ದಿನ ಬೆಳಿಗ್ಗೆ ಆರೂವರೆಗೆ ಐದು ಕೇಂದ್ರಗಳಿಂದ ತಂತಿ ಬಂದು ಸೇರಿತು. ಹಾಸನದ ಕಡೆಯ ಒಬ್ಬ ಗಾರೆಯವನು ನಮ್ಮ ಕುರ್ಚಿಯಲ್ಲಿ ಕೂತಿದ್ದ, ಜಜ್ಜಿದ ಭುಜ. ಅವನ ತೋಳಿಗೆ ಕಟ್ಟಿದ್ದು ಬರೀ ಖಾಲಿ ಪಟ್ಟಿ. ರಾಜಧಾನಿಗೆ ಹೋಗುವ ಪಟ್ಟಿಯನ್ನು ಬಟ್ಟೆಯ ಮರೆಯಲ್ಲಿ, ಮರದ ಕೈಗೆ, ಇಮಾಮಸಾಬರು ಮೂರು ಸುತ್ತು ಸುತ್ತಿದ್ದರು. ಏಳು ಹೊಡೆಯಿತು. ನಾನು ಐದು ಕೇಂದ್ರಗಳ ತಂತಿಯನ್ನು ಕೂಡಿಸದೆ ಬಿಟ್ಟು, ಸ್ವಿಚ್ಚು ಒತ್ತಿದೆ.

ಪರದೆಯಲ್ಲಿ ಬಿಳಿ ಬಟ್ಟೆಯ ಪ್ರದ್ಯೋತ. ವಾರದಿಂದ ತಾಲೀಮು ಮಾಡಿದ್ದನೋ ಏನೋ, ಗಂಟೆ ಹೊಡೆದದ್ದೇ ತಡ ಕಣ್ಣು ಮುಚ್ಚಿದ, ಬೆನ್ನು ಬಿಲ್ಲು ಮಾಡಿದ, "ಅಮ್ಮಾ" ಎಂದು ಕೂಗಿದ. ಅವನ ಮುಖದ ಪಕ್ಕದಲ್ಲೇ, ಗೇಣುದ್ದದ ಅಕ್ಷರದಲ್ಲಿ, ಸೊನ್ನೆ.

ಅವನು ಎದೆ ಹಿಡಿದುಕೊಂಡ. ಸೊನ್ನೆ. ಕುರ್ಚಿಯಿಂದ ಕೆಳಗೆ ಜಾರಿದ, ನೆಲ ಗುದ್ದಿದ, ಬಾಯಲ್ಲಿ ನೊರೆ ತಂದುಕೊಂಡ. ಅದನ್ನು ಹೇಗೆ ತಂದುಕೊಂಡನೋ ದೇವರಿಗೇ ಗೊತ್ತು. ಸೊನ್ನೆ, ಸೊನ್ನೆ, ಸೊನ್ನೆ. ಕಣ್ಣು ಮುಚ್ಚಿ ಅಳುವವನಿಗೆ ಅಂಕ ಕಾಣುವುದು ಹೇಗೆ? ದೇಶ ನೋಡುತ್ತಿರುವಾಗ ಅವನ ಹತ್ತಿರ ಹೋಗಿ ಕಿವಿಯಲ್ಲಿ ಹೇಳುವ ಧೈರ್ಯ ಯಾರಿಗಿದೆ? ಒಂದು ಗಂಟೆ ಪೂರ್ತಿ ಅತ್ತ, ಮಹಾರಾಯ. ನಾನೂ ಇಮಾಮಸಾಬರೂ ಪರಸ್ಪರ ಕೈ ಹಿಡಿದುಕೊಂಡು ನೋಡಿದೆವು. ಸಿಕ್ಕಿಬಿದ್ದ, ಕೊನೆಗೂ ಸಿಕ್ಕಿಬಿದ್ದ ಎಂದು ನನ್ನ ಎದೆ ಕುಣಿಯುತ್ತಿತ್ತು.

ಗಾರೆಯವನು ಎದ್ದು ಭುಜ ಆಡಿಸಿದ. "ತುಂಬಾ ಹಗುರ ಆಯ್ತು ಕಣಮ್ಮ," ಎಂದು ಪತ್ರ ತೆಗೆದುಕೊಂಡು ಹೋದ.

ಬಾಗಿಲ ಹತ್ತಿರ ಚೀಲ ಇಟ್ಟುಕೊಂಡು ಪೊಲೀಸರಿಗಾಗಿ ಕಾದೆವು. ಯಾರೂ ಬರಲಿಲ್ಲ. ಹತ್ತು ಗಂಟೆಗೆ ಮನೆ ಕಡೆ ಹೊರಟೆ. ನಮ್ಮ ಓಣಿಯಲ್ಲಿ ಜನ ಗುಂಪುಗೂಡಿದ್ದರು. ಹೊನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋಗಿ, "ನೋಡಿದಿ ಹೌದಿಲ್ಲೋ? ಸೊನ್ನೆ ಇತ್ತು!" ಎಂದೆ.

"ನೋಡೀನವಾ," ಎಂದಳು. "ಯಂತ್ರ ಕೆಟ್ಟಿದ್ರೂ ಅವರಿಗೆ ನಮ್ಮ ನೋವು ತಿಳೀತು ನೋಡು. ತಂತಿನೂ ಬ್ಯಾಡಾತು ಅವರಿಗೆ. ದೇವರಂಥಾ ಮನಷಾ."

ಸುತ್ತಲಿದ್ದವರೆಲ್ಲ ತಲೆಯಾಡಿಸಿದರು. ಮಧ್ಯಾಹ್ನದ ಹೊತ್ತಿಗೆ ಸರ್ಕಾರವೂ ಅದನ್ನೇ ಹೇಳಿತು. ಮಹಾಧ್ಯಕ್ಷರು ಯಂತ್ರದ ಹಂಗನ್ನು ಮೀರಿದ್ದಾರೆ, ಇನ್ನು ಮುಂದೆ ಅವರು ನೇರವಾಗಿ ಅನುಭವಿಸುತ್ತಾರೆ, ಆದ್ದರಿಂದ ವೇದನಾ ಕೇಂದ್ರಗಳನ್ನು ಇಂದಿನಿಂದಲೇ ಮುಚ್ಚಲಾಗಿದೆ. ನಮ್ಮನ್ನು ಹಿಡಿದರೆ ಸೊನ್ನೆ ಏಕೆ ಬಂತು ಎಂದು ವಿವರಿಸಬೇಕಲ್ಲ, ಅದಕ್ಕೇ ಹಿಡಿಯಲಿಲ್ಲ. ಕೆಲಸದಿಂದ ಬಿಡುಗಡೆ ಪತ್ರ ಕೊಟ್ಟು, ಸೇವೆಗೆ ಧನ್ಯವಾದ ಹೇಳಿದರು. ವಾರ್ಡುಗಳ ಬಾಗಿಲು ಈಗಲೂ ಮುಚ್ಚಿಯೇ ಇದೆ. ಮೌಲ್ಯಮಾಪನದಲ್ಲಿ ಪ್ರದ್ಯೋತನಿಗೆ ನೂರಕ್ಕೆ ತೊಂಬತ್ತೊಂದು ಬಂತು.

ನಾನು ಕೊಡುವ ಅಂಕ ಅವತ್ತು ಯಂತ್ರ ತೋರಿಸಿದ್ದೇ. ಅದಕ್ಕಿಂತ ಒಂದು ಕಾಳು ಹೆಚ್ಚಿಲ್ಲ.

ವಿರೂಪಾಕ್ಷ ಮೊನ್ನೆ ಮಧ್ಯಾಹ್ನ ಬಂದ. ನಡೆದುಕೊಂಡು, ಜೀವಂತ. ಇಷ್ಟು ದಿನ ಅಲ್ಲೇ ಕೂಡಿಟ್ಟುಕೊಂಡು ಈಗ ಬಿಟ್ಟರಂತೆ. ಕಸ್ತೂರಿ ಅವನ ಅಂಗಿ ಹಿಡಿದುಕೊಂಡವಳು ಬಿಡಲೇ ಇಲ್ಲ. ನಾನು ಒಲೆ ಮುಂದೆ ಕೂತು ರೊಟ್ಟಿ ಬಡಿಯತೊಡಗಿದೆ. ಅವನು ನನ್ನೆದುರಿಗೆ ಊಟಕ್ಕೆ ಕೂತ.

"ಅವತ್ತು ಸಾಯೂದು ಗ್ಯಾರಂಟಿ ಅಂತ ಮಾಡಿದ್ದೆ," ಎಂದ. "ಕಣ್ಣು ಮುಚ್ಕೊಂಡು ಕೂತೆ, ಏನೂ ಬರಲಿಲ್ಲ. ಸತ್ತೀನೇನೋ ಅಂದ್ಕೊಂಡೆ. ಆಮ್ಯಾಲ ಹಸಿವಾತು ನೋಡು, ಆವಾಗ ಇನ್ನೂ ಅದೀನಿ ಅಂತ ತಿಳೀತು."

ಕಸ್ತೂರಿ ಅಳುತ್ತಲೇ ನಕ್ಕಳು. ಅವನು ರೊಟ್ಟಿ ಮುರಿದ.

"ಆದ್ರ ಅಕ್ಕಾ, ನಡುವ ಎರಡು ಸಲ ಓಡಿ ಬರಬೇಕಂತ ಮಾಡಿದ್ದೆ. ಬರಲಿಲ್ಲ. ಯಾಕಂದ್ರ ಗದಗ ಅಂತ ಪರದೆ ಮ್ಯಾಲ ಬಂತಂದ್ರ ಆ ಹತ್ತು ನಿಮಿಷ ಬ್ಯಾರೇನ ಇರ್ತಿತ್ತು. ಉಳದ ಐದು ಊರಿನ ನೋವು ತಡಕೋಬಹುದಿತ್ತು. ನಮ್ಮ ಊರಿಂದು ಜೀವ ಹಿಂಡತಿತ್ತು. ನಮ್ಮ ಮಂದಿ ಇಷ್ಟ ನೋವಿನಾಗ ದಿನಾ ಎದ್ದು ಕೆಲಸಕ್ಕ ಹೋಗ್ತಾರಲ್ಲ, ನಾ ಹತ್ತು ನಿಮಿಷ ತಡಕೊಳ್ಳಾಕ ಆಗೂದಿಲ್ಲಂದ್ರ ಹೆಂಗ ಅಂತ ಕೂತೆ."

ನನ್ನ ಕೈ ಹಿಟ್ಟಿನ ಮೇಲೆ ನಿಂತಿತು.

"ವಿರುಪಾ, ಅದು ಊರಿನ ನೋವಲ್ಲ. ಅದರಾಗ ಹನ್ನೆರಡು ಅಂಕ ನಾ ಕೂಡಿಸಿದ್ದು. ಆ ಭಾಡ್ಯಾಗ ಹತ್ತಲಿ ಅಂತ ಸಿಟ್ಟಿಗೆ ಗುಂಡಿ ತಿರುವತಿದ್ದೆ. ನೀ ಇದ್ದದ್ದು ಗೊತ್ತಿರಲಿಲ್ಲ ನನಗ."

ಕಸ್ತೂರಿಯ ನಗು ನಿಂತಿತು. ಅವನು ನನ್ನನ್ನು ನೋಡಿದ.

"ದಿನಾನೂ?"

"ವಾರ್ಡು ಮುಚ್ಚಿದ ಮ್ಯಾಲ, ನೀ ಬಂದು ಹೇಳೂತನಕಾ ದಿನಾನೂ."

"ಹೊನ್ನವ್ವಂದಕ್ಕೂ?"

"ಹ್ಞೂಂ."

"ಹಂಗಾರ ಆಕಿದು ಖರೇ ಎಷ್ಟು?"

"ಐವತ್ತೊಂಬತ್ತು."

ತಟ್ಟೆ ನನ್ನ ಮುಖಕ್ಕೆ ಎಸೆಯುತ್ತಾನೆ ಎಂದು ಕಾದೆ. ಎಸೆದಿದ್ದರೆ ನನಗೇ ಒಳ್ಳೆಯದಿತ್ತು. ಅವನು ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದ, ಹೊನ್ನವ್ವನದು ಎಷ್ಟು, ಉಳಿದವರದು ಎಷ್ಟು, ತುಟಿ ಅಲ್ಲಾಡುತ್ತಿದ್ದವು. ಆಮೇಲೆ ದೊಡ್ಡದೊಂದು ಉಸಿರು ಬಿಟ್ಟ, ಭುಜದಿಂದ ಮೂಟೆ ಇಳಿಸಿದವನ ಹಾಗೆ.

"ಸದ್ಯ," ಎಂದ. "ಅಷ್ಟಿಲ್ಲಲ್ಲ ಪಾಪ ಅವರಿಗೆ."

ನಾನು ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ.